ಎಂಟು ದಿನದ ಅಕ್ಕೋರು, ಒಂಬತ್ತನೇ ದಿನ ಯಾರು?

"ಅಕ್ಕೋರು ಮತ್ತ ಯಾವಾಗ ಬರ್ತಾರ್ರೀ?"

ಪರದೇಶದ ಸ್ವಯಂಸೇವಕರು ನಡೆಸುವ ಮಕ್ಕಳ ಶಿಬಿರ ಮುಗಿದ ಮರುದಿನ ಮಕ್ಕಳು ಕೇಳುವ ಪ್ರಶ್ನೆ ಇದು. ಉತ್ತರ ಹೇಳಬೇಕಾದ ಅಕ್ಕೋರು ಅಷ್ಟರಲ್ಲಿ ವಿಮಾನ ಹತ್ತಿರುತ್ತಾರೆ.

ಹೊರದೇಶದ ಚರ್ಚುಗಳು ರಜೆಯಲ್ಲಿ ಹುಡುಗ ಹುಡುಗಿಯರನ್ನು ವಾರ, ಹದಿನೈದು ದಿನ ಬೇರೆ ದೇಶಕ್ಕೆ ಸೇವೆಗೆ ಕಳಿಸುವುದುಂಟು. ಮಿಷನ್ ಯಾತ್ರೆ ಎಂದು ಅದಕ್ಕೆ ಹೆಸರು. ಹಾನಗಲ್ಲ ತಾಲೂಕಿನ ತಿಳವಳ್ಳಿಯಂಥ ಊರಿಗೆ ಅಂಥ ತಂಡವೊಂದು ಬಂತೆಂದು ಇಟ್ಟುಕೊಳ್ಳಿ. ಚೆಂಡು, ಬಣ್ಣದ ಪೆಟ್ಟಿಗೆ, ಹಾಡು, ಕುಣಿತ. ಎಂಟು ದಿನ ಮಕ್ಕಳಿಗೆ ಹಬ್ಬವೋ ಹಬ್ಬ. ಬಂದವರ ಮನಸ್ಸಿನಲ್ಲಿ ಕಪಟವಿಲ್ಲ. ಮಕ್ಕಳ ನಗುವೂ ಸುಳ್ಳಲ್ಲ. ಆದರೆ ಒಂಬತ್ತನೇ ದಿನದ ಮಾತೇನು?

ಅಂಗಡಿಯ ಲೆಕ್ಕ

ವ್ಯಾಪಾರಸ್ಥರು ಹಾಕುವ ಹಾಗೇ ಲೆಕ್ಕ ಹಾಕಿ ನೋಡೋಣ. ತಂಡದಲ್ಲಿ ಹತ್ತು ಜನ. ಹೋಗಿಬರುವ ವಿಮಾನದ ಖರ್ಚು ತಲೆಗೊಂದು ಲಕ್ಷ ಎಂದು ಹಿಡಿದರೆ ಹತ್ತು ಲಕ್ಷವಾಯಿತು. ಊರಿನಲ್ಲೇ ಕಲಿತು ಕೂತ ಒಬ್ಬ ಹುಡುಗಿಗೆ ತಿಂಗಳಿಗೆ ಹತ್ತು ಸಾವಿರ ಕೊಟ್ಟು, ಸಂಜೆ ಮಕ್ಕಳಿಗೆ ಪಾಠ, ಆಟ ಹೇಳಿಕೊಡು ಎಂದರೆ ಅದೇ ದುಡ್ಡು ಎಂಟು ವರ್ಷಕ್ಕೆ ಸಾಕಾಗಿ ಇನ್ನೂ ನಲವತ್ತು ಸಾವಿರ ಉಳಿಯುತ್ತದೆ. ಎಂಟು ದಿನವೋ, ಎಂಟು ವರ್ಷವೋ? ತಕ್ಕಡಿ ಯಾವ ಕಡೆ ವಾಲುತ್ತದೆಂದು ಹೇಳಬೇಕಿಲ್ಲ.

ಹಾಗಂತ ದೂರದಿಂದ ಬಂದವರೆಲ್ಲ ದಂಡ ಎನ್ನುವಂತಿಲ್ಲ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1839ರಲ್ಲಿ ಹುಬ್ಬಳ್ಳಿಗೆ ಬಂದರು. ಅದೇ ಮಿಷನ್ನಿನಿಂದ 1853ರಲ್ಲಿ ಬಂದವರು ಜರ್ಮನಿಯ ಫರ್ಡಿನೆಂಡ್ ಕಿಟೆಲ್. ಬಂದದ್ದು ಧರ್ಮಪ್ರಚಾರಕ್ಕೆ, ನಿಜ. ಆದರೆ ಕನ್ನಡ ಕಲಿತರು, ವರುಷಾನುಗಟ್ಟಲೆ ಇಲ್ಲಿದ್ದರು. 1894ರಲ್ಲಿ ಎಪ್ಪತ್ತು ಸಾವಿರ ಶಬ್ದಗಳ ನಿಘಂಟು ಕೊಟ್ಟರು. ಅವರ ಧರ್ಮ ಬೇಡವೆಂದವರಿಗೂ ಆ ನಿಘಂಟು ಬೇಕು. ಮಗು ಅಳುವಾಗ "ಯಾಕ ಅಳ್ತೀಯವ್ವಾ?" ಎಂದು ಕೇಳುವಷ್ಟಾದರೂ ಭಾಷೆ ಬರದಿದ್ದರೆ ಸೇವೆ ಹೇಗೆ ಆದೀತು?

ಕಡಲಾಚೆಯಿಂದ ಹುಬ್ಬಳ್ಳಿಗೆ

ಇನ್ನು ನಮ್ಮವರ ಕತೆ. ಡಾ. ನಾ. ಸು. ಹರ್ಡೀಕರ ಅಮೆರಿಕಕ್ಕೆ ಹೋಗಿ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದಿದವರು. ಅಲ್ಲಿ ಲಾಲಾ ಲಜಪತರಾಯರ ಜೊತೆ ದೇಶದ ಕೆಲಸ ಮಾಡಿ 1921ರಲ್ಲಿ ತಿರುಗಿ ಬಂದರು. 1923ರಲ್ಲಿ ಹುಟ್ಟಿದ ಹಿಂದೂಸ್ತಾನಿ ಸೇವಾದಳಕ್ಕೆ ಅವರೇ ಮೂಲಪುರುಷ, ಹುಬ್ಬಳ್ಳಿಯೇ ನೆಲೆ. ಸ್ವಯಂಸೇವಕನಿಗೆ ಉತ್ಸಾಹವೊಂದೇ ಸಾಲದು, ಶಿಸ್ತು, ತರಬೇತಿ ಬೇಕು ಎಂಬುದು ಅವರ ಹಟ.

ಅದೇ ಗರಡಿಯಲ್ಲಿ ಪಳಗಿದವರು ಬೆಂಗಳೂರಿನ ಎಸ್. ಎನ್. ಸುಬ್ಬರಾವ್, ಎಲ್ಲರ ಬಾಯಲ್ಲಿ 'ಭಾಯೀಜಿ'. 1929ರಲ್ಲಿ ಹುಟ್ಟಿ 2021ರಲ್ಲಿ ತೀರಿಕೊಳ್ಳುವವರೆಗೆ ಆಯುಷ್ಯವನ್ನೆಲ್ಲ ಶಿಬಿರಗಳಿಗೇ ಕೊಟ್ಟರು. ಅವರು ನಡೆಸುತ್ತಿದ್ದ ಮಕ್ಕಳ ಮೇಳಗಳಲ್ಲಿ ಬೇರೆ ರಾಜ್ಯದ ಮಕ್ಕಳು ಊರವರ ಮನೆಗಳಲ್ಲೇ ಉಳಿಯುತ್ತಿದ್ದರು, ಅವರ ಮನೆಯ ಊಟವನ್ನೇ ಉಣ್ಣುತ್ತಿದ್ದರು. ಶಿಬಿರ ಮುಗಿದ ಮೇಲೂ ಒಂದು ಮನೆ, ಒಂದು ಗೆಳೆತನ ಉಳಿಯುವ ಉಪಾಯ ಇದು.

ನಮ್ಮ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆಯೂ 1969ರಿಂದ ಇದೆ. ಅದರ ವಿಶೇಷ ಶಿಬಿರವೂ ಏಳೇ ದಿನದ್ದು. ಆದರೆ ಹಳ್ಳಿಯೊಂದನ್ನು ದತ್ತು ತೆಗೆದುಕೊಂಡು ಮತ್ತೆ ಮತ್ತೆ ಅಲ್ಲಿಗೇ ಹೋಗಬೇಕೆಂಬುದು ಅದರ ಕ್ರಮ. ಹೋಗದೆ ಬಿಟ್ಟರೆ ಅವರಿಗೂ ಅದೇ ಪ್ರಶ್ನೆ: ಒಂಬತ್ತನೇ ದಿನ ಯಾರು?

ಉದ್ರಿ ಕೊಡುವ ಮುನ್ನ

ನೂರು ರೂಪಾಯಿ ಉದ್ರಿ ಕೇಳಿದರೆ ಅಂಗಡಿಕಾರ ಸುಮ್ಮನೆ ಕೊಡುವುದಿಲ್ಲ. ಯಾರ ಮಗ, ಯಾವೂರು ಎಂದು ವಿಚಾರಿಸುತ್ತಾನೆ. ಮಕ್ಕಳನ್ನು ಒಪ್ಪಿಸುವಾಗ ಮಾತ್ರ ಬಂದವರ ಬಣ್ಣ, ಇಂಗ್ಲೀಷು ನೋಡಿ ಬಾಯಿ ಕಟ್ಟುವುದೇಕೆ?

ಗೋವೆಯ ಮಡಗಾಂವದಲ್ಲಿ ಫ್ರೆಡಿ ಪೀಟ್ಸ್ ಎಂಬಾತ ಅನಾಥಾಲಯದ ಹೆಸರಿನಲ್ಲಿ ಹುಡುಗರನ್ನು ಇಟ್ಟುಕೊಂಡು ಪರದೇಶದಿಂದ ಬಂದವರಿಗೆ ಒಪ್ಪಿಸುತ್ತಿದ್ದ. 1991ರಲ್ಲಿ ಸಿಕ್ಕಿಬಿದ್ದ, 1996ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಅದುವರೆಗೆ ಆತ ಊರಿಗೆಲ್ಲ ಪುಣ್ಯಾತ್ಮ! ಒಬ್ಬನ ಪಾಪವನ್ನು ಎಲ್ಲರ ತಲೆಗೆ ಕಟ್ಟುವುದು ತಪ್ಪು. ವಿಚಾರಿಸದೆ ಬಿಡುವುದೂ ತಪ್ಪೇ.

ಬಂದವರು ಯಾರು, ಕರೆಸಿದವರು ಯಾರು? ಯಾವ ವೀಸಾ? ಪ್ರವಾಸಿ ವೀಸಾದಲ್ಲಿ ಬಂದವರು ಧರ್ಮಪ್ರಚಾರ ಮಾಡುವಂತಿಲ್ಲ, ಅದಕ್ಕೆ ಮಿಷನರಿ ವೀಸಾ ಬೇರೆಯೇ ಇದೆ. ಮಕ್ಕಳ ಜೊತೆ ಊರಿನ ಶಿಕ್ಷಕಿಯೊಬ್ಬರು ಸದಾ ಇರುತ್ತಾರೆಯೇ? ಫೋಟೋ ತೆಗೆಯಲು ತಾಯಿ ತಂದೆಯ ಒಪ್ಪಿಗೆ ಇದೆಯೇ? ಇಷ್ಟು ಕೇಳುವುದರಿಂದ ಒಳ್ಳೆಯವರಿಗೆ ಬೇಸರವಾಗದು. ಅನುಮಾನ ಬಂದರೆ 1098 ಮಕ್ಕಳ ಸಹಾಯವಾಣಿ ಇದೆ, ದುಡ್ಡಿಲ್ಲದ ಕರೆ. 2012ರ ಪೋಕ್ಸೋ ಕಾಯಿದೆಯೂ ಇದೆ.

ಮನೆಗೆ ಮಾರಿ ಆಗದಿರಲಿ

ಬೆಂಗಳೂರು ಸೇರಿದ ನಮ್ಮ ಹುಡುಗರಿಗೂ ಈಗ ಪರದೇಶದ ಮಕ್ಕಳ ಸೇವೆಗೆ ಹೋಗಿಬರುವ ಹುರುಪು ಹುಟ್ಟಬಹುದು. ಹೋಗಲಿ, ಲೋಕ ನೋಡಲಿ. ಆದರೆ ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಮಾತು ನೆನಪಿರಲಿ. ವಿಮಾನದ ಟಿಕೇಟಿಗಿಂತ ಹಾನಗಲ್ಲ ಬಸ್ಸಿನ ಟಿಕೇಟು ಅಗ್ಗ. ತಿಂಗಳಿಗೊಂದು ರವಿವಾರ ಊರಿಗೆ ಬಂದು, ತಾನು ಕಲಿತ ಶಾಲೆಯ ಹತ್ತು ಮಕ್ಕಳಿಗೆ ಗಣಿತವನ್ನೋ ಈಜನ್ನೋ ಕಲಿಸಿದರೆ ಅದೂ ಸೇವೆಯೇ.

ಆಗ "ಅಕ್ಕೋರು ಮತ್ತ ಯಾವಾಗ ಬರ್ತಾರ್ರೀ?" ಎಂದು ಮಗು ಕೇಳಿದರೆ ಉತ್ತರ ಹೇಳಲು ಯಾರೂ ತಡವರಿಸಬೇಕಿಲ್ಲ.

"ಬರೂ ತಿಂಗಳ ಮೊದಲನೇ ರವಿವಾರ, ಮುಂಜಾನಿ ಬಸ್ಸಿಗೆ ಬರ್ತಾರ."