ಹಿಲಾಲಿನ ಎಣ್ಣೆ

ಶಾಲೆಯ ಸ್ನೇಹಸಮ್ಮೇಳನಕ್ಕೆಂದು ನಾಟಕದ ತಾಲೀಮು ನಡೆದಿತ್ತು. ರಾಕ್ಷಸನ ಪಾತ್ರದ ಹುಡುಗ ನನ್ನ ಬಳಿ ಬಂದು, "ಸರ್, ಬಾಯಾಗ ಚಿಮಣಿ ಎಣ್ಣಿ ತುಂಬ್ಕೊಂಡು ಹಿಲಾಲಿನ ಮ್ಯಾಲೆ ಊದ್ಲೇನ್ರಿ?" ಎಂದು ಕೇಳಿದ. ಬೇಡವೆಂದೆ. "ಯಾಕ್ರೀ?" ಎಂದ. ಅವನಿಗೆ ಹೇಳಿದ ಉತ್ತರವು ಮಕ್ಕಳಿರುವ ಎಲ್ಲ ಮನೆಗಳಿಗೂ ಬೇಕಾದುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಬೆಂಕಿಯನ್ನು ಆಟಕ್ಕೆ ತರುವುದು ನಮಗೆ ಹೊಸತಲ್ಲ. ವಿದ್ಯುದ್ದೀಪ ಬರುವ ಮೊದಲು ಗದಗ ಸೀಮೆಯ ಕಳಸಾಪುರದಂತಹ ಊರುಗಳಲ್ಲಿ ದೊಡ್ಡಾಟಕ್ಕೆ ಹಿಲಾಲೇ ಬೆಳಕು. ಯಕ್ಷಗಾನದಲ್ಲಿ ರಾಕ್ಷಸವೇಷ ಬರುವಾಗ ದೊಂದಿಗೆ ರಾಳದ ಪುಡಿ ಎರಚಿ ಜ್ವಾಲೆ ಎಬ್ಬಿಸುವುದುಂಟು. ಮೈಸೂರಿನ ಬನ್ನಿಮಂಟಪದಲ್ಲಿ ದಸರೆಗೆ ಪಂಜಿನ ಕವಾಯತು ನಡೆಯುತ್ತದೆ. 'ದೀವಟಿಗೆ' ಎಂಬುದು 'ದೀಪವರ್ತಿಕಾ' ಶಬ್ದದ ತದ್ಭವ, ವರ್ತಿಕೆಯೆಂದರೆ ಬತ್ತಿ. ಬತ್ತಿಯು ಎಣ್ಣೆಯನ್ನು ಹಿಡಿದಿಟ್ಟುಕೊಂಡು ಉರಿಗೆ ಸ್ವಲ್ಪಸ್ವಲ್ಪವಾಗಿ ಒದಗಿಸುತ್ತದೆ. ಹಿಲಾಲಿನ ಕ್ಷೇಮವೆಲ್ಲ ಈ ಮಿತಿಯಲ್ಲಿದೆ.

ಉರಿಯುವುದು ಎಣ್ಣೆಯಲ್ಲ, ಗಾಳಿಯೊಡನೆ ಬೆರೆತ ಅದರ ಆವಿ. ಔಡಲ ಎಣ್ಣೆ, ಶೇಂಗಾ ಎಣ್ಣೆಗಳು ಹೊತ್ತಿಕೊಳ್ಳುವಷ್ಟು ಆವಿ ಕೊಡಬೇಕಾದರೆ 200 ಡಿಗ್ರಿ ಸೆಲ್ಸಿಯಸ್ ಮೀರಿ ಕಾಯಬೇಕು. ಸೀಮೆಎಣ್ಣೆಗೆ ಸುಮಾರು 40 ಡಿಗ್ರಿ ಸಾಕು. ನಮ್ಮ ಬೇಸಿಗೆಯ ಮಧ್ಯಾಹ್ನವೇ ಅಷ್ಟು ಬಿಸಿ. ಪೆಟ್ರೋಲಾದರೋ ಸೊನ್ನೆಗಿಂತ 40 ಡಿಗ್ರಿ ಕೆಳಗೂ ಅಂತಹ ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಿದು, ದೂರದ ಕಿಡಿಯನ್ನು ಮುಟ್ಟಿ, ಉರಿಯನ್ನು ಡಬ್ಬಿಯವರೆಗೆ ಕರೆತರುತ್ತದೆ. ಆದುದರಿಂದ ಪೆಟ್ರೋಲು ಯಾವ ಆಟಕ್ಕೂ ಸಲ್ಲದು.

ಇನ್ನು ಬಾಯಿಯಿಂದ ಊದುವ ಮಾತು. ರಾಳದ ಗಡ್ಡೆ ನಿಧಾನವಾಗಿ ಉರಿದರೂ ಅದರ ಪುಡಿ ಭುಗಿಲೇಳುತ್ತದೆ, ಏಕೆಂದರೆ ಕಣಕಣಕ್ಕೂ ಗಾಳಿ ತಾಗಿರುತ್ತದೆ. ಊದಿದ ಸೀಮೆಎಣ್ಣೆಯ ತುಂತುರೂ ಹಾಗೆಯೇ. ಗಾಳಿ ತಿರುಗಿದರೆ ಜ್ವಾಲೆ ಮುಖಕ್ಕೇ ಬರುತ್ತದೆ. ಅದಕ್ಕಿಂತ ಗುಪ್ತವಾದ ಅಪಾಯ ಇನ್ನೊಂದಿದೆ. ಸೀಮೆಎಣ್ಣೆ ಬಹಳ ತೆಳು. ಒಂದು ಕೆಮ್ಮಿಗೆ ಶ್ವಾಸಕೋಶಕ್ಕೆ ಇಳಿದು ಉರಿಯೂತ ಹುಟ್ಟಿಸಿ ಪ್ರಾಣಕ್ಕೇ ಎರವಾಗಬಹುದು. ಮಗು ಅದನ್ನು ಕುಡಿದರೆ ವಾಂತಿ ಮಾಡಿಸಬೇಡಿರಿ. ವಾಂತಿಯಾಗುವಾಗ ಎಣ್ಣೆ ಮತ್ತೆ ಶ್ವಾಸನಾಳಕ್ಕೆ ಹೋದೀತು. ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಹಿಲಾಲು ಹಿಡಿಯಲೇಬೇಕಾದರೆ ಅರಿತ ಹಿರಿಯರು, ಬಯಲಿನಲ್ಲಿ, ಗಾಳಿಯ ದಿಕ್ಕು ನೋಡಿ ಹಿಡಿಯಲಿ. ಸುತ್ತುವ ಬಟ್ಟೆ ಹತ್ತಿಯದಾಗಿರಲಿ. ಎಣ್ಣೆಯಲ್ಲಿ ಅದ್ದಿದ ಮೇಲೆ ತೊಟ್ಟಿಕ್ಕದಂತೆ ಹಿಂಡಿ, ಕೈಗಂಟಿದ ಎಣ್ಣೆಯನ್ನು ತೊಳೆದುಕೊಂಡು, ಡಬ್ಬಿಯನ್ನು ಮುಚ್ಚಿ ದೂರವಿಟ್ಟು, ಆಮೇಲೆ ಹೊತ್ತಿಸಬೇಕು. ಉರಿಯುತ್ತಿರುವ ಹಿಲಾಲಿಗೆ ಡಬ್ಬಿಯಿಂದ ಎಣ್ಣೆ ಸುರಿಯಲೇಬಾರದು. ನೈಲಾನ್, ಪಾಲಿಯೆಸ್ಟರ್ ಉಡುಪು ಕರಗಿ ಮೈಗೆ ಅಂಟುತ್ತದೆ. ಹತ್ತಿಯ ಬಿಗಿಯುಡುಪು ಲೇಸು. ಪಕ್ಕದಲ್ಲಿ ಒದ್ದೆ ಗೋಣಿಚೀಲ ಹಿಡಿದು ಒಬ್ಬರು ನಿಂತಿರಲಿ. ಎಣ್ಣೆಯ ಉರಿಗೆ ನೀರೆರಚಿದರೆ ಅದು ಹರಡುತ್ತದೆ, ಗೋಣಿ ಮುಚ್ಚಿದರೆ ಆರುತ್ತದೆ. ಮೈ ಸುಟ್ಟರೆ 20 ನಿಮಿಷ ತಣ್ಣೀರು ಹರಿಸಿರಿ. ಮಸಿ, ಟೂತ್‌ಪೇಸ್ಟ್ ಬಳಿಯಬೇಡಿರಿ.

ಆ ಹುಡುಗ ಕಡೆಗೆ ಬರಿಯ ಗರ್ಜನೆಯಿಂದಲೇ ರಂಗಕ್ಕೆ ಬಂದ. ಮುಂದಿನ ಸಾಲಿನ ಚಿಕ್ಕ ಮಕ್ಕಳು ಅಂಜಿ ತಾಯಂದಿರ ಸೆರಗು ಹಿಡಿದರು. ರಾಕ್ಷಸನಿಗೆ ಅಷ್ಟು ಸಾಕು.