ನಿಮಗಿದು ಗೊತ್ತೆ? ಪುಟಾಣಿ ನಾಯಿಗೆ ಹೆರಿಗೆ ಸುಲಭವಲ್ಲ

ಎರಡು ಕಿಲೋಗಿಂತ ಕಡಿಮೆ ತೂಗುವ ಚಿವಾವಾದಂಥ ಹೆಣ್ಣು ನಾಯಿಗೆ ಮರಿ ಹಾಕಿಸುವುದು ಅಪಾಯಕರ. ತಾಯಿ ಎಷ್ಟು ಪುಟ್ಟದಾದರೂ ಮರಿಯ ತಲೆ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಗರ್ಭದಲ್ಲಿ ಒಂದೇ ಮರಿಯಿದ್ದರೆ ಅದು ಇನ್ನಷ್ಟು ದಪ್ಪ ಬೆಳೆದು ಹೊರಬರುವ ದಾರಿಯಲ್ಲೇ ಸಿಕ್ಕಿಕೊಳ್ಳಬಹುದು. ಆಗ ಬಹುತೇಕ ಸಿಸೇರಿಯನ್ ಒಂದೇ ದಾರಿ. ಜೋರು ನೋವು ಬಂದು ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ ತಡಮಾಡುವಂತಿಲ್ಲ. ಆದರೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯಂಥ ಊರುಗಳ ಪಶು ಆಸ್ಪತ್ರೆಗಳಿಗೆ ಹೆಚ್ಚಾಗಿ ಬರುವುದು ದನ, ಎಮ್ಮೆ, ಕುರಿಗಳು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜು ಹಿರಿಯೂರಿನಿಂದಲೇ 150 ಕಿ.ಮೀ.ಗೂ ದೂರ. ನಡುರಾತ್ರಿಯ ಹೆರಿಗೆಗೆ ಇದು ಸಣ್ಣ ಮಾತಲ್ಲ.

ಹೆತ್ತ ಮೇಲೂ ಗಂಡಾಂತರ ಮುಗಿಯದು. ಹಾಲೂಡಿಸುವ ಮೊದಲ ವಾರಗಳಲ್ಲಿ ತಾಯಿಯ ರಕ್ತದ ಕ್ಯಾಲ್ಸಿಯಂ ಕುಸಿದು ನಡುಕ, ಸೆಳೆತ ಬರಬಹುದು. ಗರ್ಭಿಣಿ ನಾಯಿಗೆ ಅಕ್ಕರೆಯಿಂದ ಕ್ಯಾಲ್ಸಿಯಂ ಮಾತ್ರೆ ಕೊಡುವವರುಂಟು. ಅದರಿಂದ ಈ ಅಪಾಯ ಹೆಚ್ಚುತ್ತದೆ!

'ಟೀಕಪ್' ಎಂಬುದು ಮಾನ್ಯತೆ ಪಡೆದ ತಳಿಯಲ್ಲ, ಇಂಥ ಪುಟಾಣಿ ನಾಯಿಗಳಿಗೆ ಮಾರುವವರು ಇಟ್ಟ ಹೆಸರು. ಕೇಂದ್ರ ಸರ್ಕಾರದ 2017ರ ನಿಯಮಗಳಂತೆ ಮಾರಾಟಕ್ಕೆ ನಾಯಿ ಸಾಕುವವರು 18 ತಿಂಗಳು ತುಂಬದ ಹೆಣ್ಣಿಗೆ ಮರಿ ಹಾಕಿಸುವಂತಿಲ್ಲ. ಅದು ಆರೋಗ್ಯವಾಗಿದೆ ಎಂಬ ಪಶುವೈದ್ಯರ ಪ್ರಮಾಣಪತ್ರವೂ ಬೇಕು.