ಬಣವಿಗೆ ಗೆದ್ದಲು ಹತ್ತಿದರೆ ಪುಡಿ ಎರಚುವ ಮುನ್ನ



ನಾಗರ ಪಂಚಮಿಗೆ ನಾವು ಹುತ್ತಕ್ಕೆ ಹಾಲೆರೆಯುತ್ತೇವೆ. ಆ ಹುತ್ತವನ್ನು ಕಟ್ಟಿದ್ದು ಹಾವಲ್ಲ, ಗೆದ್ದಲು. ಅದೇ ಗೆದ್ದಲು ಕೊಟ್ಟಿಗೆಯ ಕಂಬ, ಮನೆಯ ಬಾಗಿಲು ಚೌಕಟ್ಟು, ಜೋಳದ ಕಣಿಕೆಯ ಬಣವಿಗೆ ಹತ್ತಿದಾಗ ಮಾತ್ರ ನಮಗೆ ವೈರಿ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಭಾಗದಲ್ಲಿ ಬೇಸಿಗೆಯ ಮೇವೆಂದರೆ ಬಣವಿಯೇ. ಅದರ ಬುಡ ಮಣ್ಣಾದರೆ ದನ ಮೂಸಿಯೂ ನೋಡದು.

ಗೆದ್ದಲನ್ನು ‘ಬಿಳಿ ಇರುವೆ’ ಎನ್ನುವುದುಂಟು. ಆದರೆ ಅದು ಇರುವೆಯ ಕುಲದ್ದಲ್ಲ, ಜಿರಲೆಯ ಸಂಬಂಧಿ. ಮೈ ಮೆತ್ತಗೆ, ಬಿಸಿಲು, ಒಣಗಾಳಿ ತಡೆಯದು. ಆದ್ದರಿಂದಲೇ ಮಣ್ಣಿನ ಕೊಳವೆ ಕಟ್ಟಿಕೊಂಡು ಅದರೊಳಗೇ ಓಡಾಡುತ್ತದೆ.

ನಿಜವಾದ ಇರುವೆಯೇ ಗೆದ್ದಲಿನ ದೊಡ್ಡ ಶತ್ರು. ಸಾಲುಗಟ್ಟಿ ಸಾಗುವ ಹೊಳೆಯುವ ಕರಿ ಇರುವೆಗಳು ಗೆದ್ದಲಿನ ಗೂಡಿಗೆ ನುಗ್ಗಿ ಹೊತ್ತೊಯ್ಯುತ್ತವೆ. ಮುಂಗಾರಿನ ಮೊದಲ ಮಳೆಗೆ ದೀಪದ ಸುತ್ತ ಮುತ್ತುವ ರೆಕ್ಕೆಯ ಮಳೆಹುಳುಗಳು ಗೆದ್ದಲಿನ ಗಂಡು-ಹೆಣ್ಣುಗಳೇ. ಬದುಕುಳಿದ ಒಂದು ಜೋಡಿ ಹೊಸ ಗೂಡು ಹೂಡಬಲ್ಲದು. ಅವುಗಳಲ್ಲಿ ಬಹುಪಾಲನ್ನು ಕಪ್ಪೆ, ಹಲ್ಲಿ, ಓತಿಕ್ಯಾತ, ಕಾಗೆ, ಕಾಜಾಣ, ಕೋಳಿಗಳು ತಿಂದು ಮುಗಿಸುತ್ತವೆ. ಸಂಬಳವಿಲ್ಲದೆ ದುಡಿಯುವ ಈ ಕಾವಲುಗಾರರನ್ನು ನಾವೇ ಪುಡಿ ಎರಚಿ ಕೊಂದರೆ ಗೆದ್ದಲಿಗೆ ದಾರಿ ಸಲೀಸು.

ಇನ್ನೂ ದೊಡ್ಡ ಅಪಾಯ ಹಾಲಿಗೆ. ಹಿಂದೆ ಊರೂರಲ್ಲಿ ಬಳಸುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಸರ್ಕಾರ 1997ರಲ್ಲಿ ನಿಷೇಧಿಸಿತು. ಅಂಥ ವಿಷ ಮೇವಿನೊಡನೆ ಹೊಟ್ಟೆ ಸೇರಿದರೆ ದನದ ಕೊಬ್ಬಿನಲ್ಲಿ ಉಳಿದು, ಜಿಡ್ಡಿನೊಂದಿಗೆ ಹಾಲಿಗೆ ಇಳಿಯುತ್ತದೆ. ಕಾಯಿಸಿದರೂ ಹೋಗದು. ಆ ಹಾಲನ್ನು ಮೊದಲು ಕುಡಿಯುವವರು ನಿಮ್ಮ ಮನೆಯ ಮಕ್ಕಳು.

ಹಾಗಾದರೆ ಏನು ಮಾಡಬೇಕು?

1. ಬಣವಿಯನ್ನು ನೆಲಕ್ಕೆ ಒಟ್ಟಬೇಡಿ. ಒಂದೂವರೆ ಅಡಿ ಎತ್ತರದ ಕಲ್ಲುಗಳ ಮೇಲೆ ಚಪ್ಪಡಿ ಹಾಸಿ ಒಟ್ಟಿರಿ. ಕೆಳಗೆ ಗಾಳಿಯಾಡಲಿ, ಗೋಡೆಗೆ ತಾಗದಿರಲಿ.

2. ವಾರಕ್ಕೊಮ್ಮೆ ಕಲ್ಲು, ಕಂಬ ನೋಡಿ, ಮಣ್ಣಿನ ಕೊಳವೆ ಕಂಡರೆ ಕೆರೆದು ಹಾಕಿರಿ. ಒಡೆದ ದಾರಿಯಲ್ಲಿ ಇರುವೆಗಳು ತಾವಾಗಿ ನುಗ್ಗುತ್ತವೆ.

3. ಗೋದಲಿಯ ನೀರು ಸೋರಿ ಕಂಬದ ಬುಡ ತೇವವಾಗದಂತೆ ನೋಡಿಕೊಳ್ಳಿ. ಹಿಂಡಿ ಚೀಲಗಳನ್ನು ಹಲಗೆಯ ಮೇಲಿಡಿ.

4. ಹಳೆಯ ಮಡಕೆಗೆ ಒಣ ಸಗಣಿ, ಕಣಿಕೆಯ ಚೂರು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವಲ್ಲಿ ಸಂಜೆ ಬೋರಲು ಹಾಕಿರಿ. ಬೆಳಿಗ್ಗೆ ಮಡಕೆಯಲ್ಲಿ ಸೇರಿದ ಗೆದ್ದಲು ಕೋಳಿಮರಿಗೆ ಒಳ್ಳೆಯ ಆಹಾರ. ಔಷಧ ಹಾಕಿದ ಜಾಗದಲ್ಲಿ ಮಾತ್ರ ಹೀಗೆ ಮಾಡಬೇಡಿ.

5. ಕಂಬಕ್ಕೆ ಯಂತ್ರದ ಸುಟ್ಟ ಎಣ್ಣೆ ಬಳಿಯಬೇಡಿ. ನೆಕ್ಕಿದ ದನಕ್ಕೆ ಅದು ವಿಷ.

6. ಮನೆಯ ಅಡಿಪಾಯಕ್ಕೆ ಔಷಧ ಹಾಕಿಸಲೇಬೇಕಾದರೆ ಬಲ್ಲವರಿಂದ, ಡಬ್ಬಿಯ ಮೇಲಿನ ಸೂಚನೆಯಂತೆಯೇ ಹಾಕಿಸಿ. ಆಗ ದನ, ಮೇವು, ಹಾಲಿನ ಪಾತ್ರೆಗಳು ದೂರವಿರಲಿ.

ಹೊಲದ ಬದುವಿನಲ್ಲಿ, ಕಪ್ಪತಗುಡ್ಡದ ಸೆರಗಿನಲ್ಲಿ ಕಾಣುವ ಹುತ್ತಗಳ ತಂಟೆಗೆ ಹೋಗಬೇಡಿ. ಒಣ ಎಲೆ, ಕಡ್ಡಿ, ಸಗಣಿಯನ್ನು ಮಣ್ಣಿಗೆ ಮರಳಿಸುವ ಕೆಲಸ ಅವುಗಳದ್ದು. ಅಲ್ಲಿ ಗೆದ್ದಲು ಇರಲಿ. ನಮ್ಮ ಬಣವಿ ಕಲ್ಲಿನ ಮೇಲಿರಲಿ, ಹಾಲು ನಿರ್ಮಲವಾಗಿರಲಿ.